ಹಗಲು ಬೆಂಚು, ರಾತ್ರಿ ಮಂಚ: ವ್ಯಾನಿನೊಳಗಿನ ಮಡಚು ಪೀಠೋಪಕರಣದ ಲೆಕ್ಕಾಚಾರ

ಹೋಟೆಲ್ ಕೋಣೆಗಾಗಿ ಅಲೆಯದೆ, ಕತ್ತಲಾದಲ್ಲಿ ವಾಹನ ನಿಲ್ಲಿಸಿ ಅದರೊಳಗೇ ಮಲಗುವ ಪ್ರವಾಸ ಕನ್ನಡಿಗರಿಗೆ ತೀರಾ ಹೊಸದೇನಲ್ಲ. ಧರ್ಮಸ್ಥಳ, ತಿರುಪತಿ, ಶಬರಿಮಲೆ ಯಾತ್ರೆಗೆ ಹೊರಟ ಮೆಟಡೋರ್ ಹಾಗೂ ಟೆಂಪೊಗಳಲ್ಲಿ ಜಮಖಾನ ಹಾಸಿ ರಾತ್ರಿ ಕಳೆದವರ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಹೊಸದಾಗಿರುವುದು ಆ ಬಯಕೆಗೆ ದೊರೆತಿರುವ ರೂಪ. ಕರ್ನಾಟಕ ಸರ್ಕಾರವು 2020ರಲ್ಲಿ ಪ್ರಕಟಿಸಿದ ಪ್ರವಾಸೋದ್ಯಮ ನೀತಿಯಲ್ಲಿ ಕಾರವಾನ್ ಪ್ರವಾಸವೂ ಒಂದು ವಿಭಾಗವಾಗಿ ಸ್ಥಾನ ಪಡೆಯಿತು. ಮರುವರ್ಷ ನೆರೆಯ ಕೇರಳವು ‘ಕೆರವಾನ್ ಕೇರಳ’ ಹೆಸರಿನ ಯೋಜನೆಯನ್ನು ಘೋಷಿಸಿತು. ಕೊರೊನಾ ಕಾಲದ ನಂತರ ತಮ್ಮದೇ ವ್ಯಾನಿನಲ್ಲಿ ಮಂಚ, ಮೇಜು, ಅಡುಗೆ ಕಟ್ಟೆ ಮಾಡಿಸಿಕೊಳ್ಳಬೇಕೆಂದು ಬಡಗಿಯ ಬಾಗಿಲು ತಟ್ಟುವವರ ಸಂಖ್ಯೆಯೂ ಬೆಳೆಯಿತು.

ವ್ಯಾನಿನೊಳಗೆ ಜಾಗ ಕಡಿಮೆ. ಹೀಗಾಗಿ ಒಂದೇ ವಸ್ತು ಹಗಲು ಬೆಂಚಾಗಿ, ಊಟದ ಹೊತ್ತಿಗೆ ಮೇಜಾಗಿ, ರಾತ್ರಿ ಮಂಚವಾಗಿ ಬದಲಾಗಬೇಕಾಗುತ್ತದೆ. ಇದನ್ನೇ ಮಡಚು ಪೀಠೋಪಕರಣ ಎನ್ನುವುದು. ಮಾಡುವುದು ಮೇಲ್ನೋಟಕ್ಕೆ ಸುಲಭ. ಆದರೆ ಮನೆಯ ದಿವಾನ್ ಕಾಟ್‌ಗೂ ವ್ಯಾನಿನ ಮಂಚಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮನೆಯ ಮಂಚ ಇಟ್ಟಲ್ಲೇ ಇರುತ್ತದೆ, ವ್ಯಾನಿನ ಮಂಚ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ನಿಜವಾದ ಪರೀಕ್ಷೆ ನಡೆಯುವುದು ಅದರ ಮೇಲೆ ಮಲಗಿದಾಗ ಅಲ್ಲ, ಚಾಲಕ ಹಠಾತ್ತನೆ ಬ್ರೇಕ್ ಒತ್ತಿದಾಗ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಅಳತೆ, ಮರ, ಕೀಲು, ಕಾನೂನು ಎಲ್ಲವೂ ತಾವಾಗಿಯೇ ಅರ್ಥವಾಗುತ್ತಾ ಹೋಗುತ್ತವೆ.

ಉದಾಹರಣೆಗೆ ಬೆಂಗಳೂರು ಉತ್ತರದ ಪುಟ್ಟೇನಹಳ್ಳಿಯನ್ನೇ ತೆಗೆದುಕೊಳ್ಳೋಣ. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲ, ಯಲಹಂಕದ ಮಗ್ಗುಲಿನ, 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾದ ಕೆರೆಯಿರುವ ಪುಟ್ಟೇನಹಳ್ಳಿ. ದೊಡ್ಡಬಳ್ಳಾಪುರ ರಸ್ತೆಯೂ ಬಳ್ಳಾರಿ ರಸ್ತೆಯೂ ಇಲ್ಲಿಗೆ ಸಮೀಪ. ವಾರಾಂತ್ಯದಲ್ಲಿ ಊರು ಬಿಟ್ಟು ಹೊರಡಲು ಹೇಳಿ ಮಾಡಿಸಿದ ಜಾಗ. ಇಲ್ಲಿನ ಕೆಎ-50 ನೋಂದಣಿಯ ವ್ಯಾನೊಂದರ ಮಾಲೀಕರು ಮಡಚು ಮಂಚ ಮಾಡಿಸಲು ಹೊರಟಿದ್ದಾರೆ ಎಂದುಕೊಳ್ಳೋಣ. ಅವರು ತಿಳಿದಿರಬೇಕಾದ ಸಂಗತಿಗಳೇನು?

ಪಾಠ ರೈಲಿನಲ್ಲೇ ಇದೆ

ಯಲಹಂಕದಲ್ಲಿ 1984ರಿಂದ ರೈಲು ಗಾಲಿ ಕಾರ್ಖಾನೆಯಿದೆ. ಅಲ್ಲಿ ತಯಾರಾಗುವ ಗಾಲಿ ಮತ್ತು ಅಚ್ಚುಗಳ ಮೇಲೆ ಓಡುವ ಸ್ಲೀಪರ್ ಬೋಗಿಗಳೇ ನಮ್ಮ ದೇಶದ ಅತಿ ಹೆಚ್ಚು ಜನ ಬಳಸಿದ ಮಡಚು ಪೀಠೋಪಕರಣ ಎಂದರೆ ತಪ್ಪಾಗಲಾರದು. ಮೂರು ಹಂತದ ಬೋಗಿಯ ನಡುವಿನ ಬರ್ತ್ ಹಗಲು ಕೆಳಗಿನ ಆಸನಕ್ಕೆ ಒರಗು ಹಲಗೆಯಾಗಿರುತ್ತದೆ, ರಾತ್ರಿ ಮೇಲೆತ್ತಿ ಸರಪಳಿಗೆ ಸಿಕ್ಕಿಸಿದರೆ ಹಾಸಿಗೆಯಾಗುತ್ತದೆ. ಪಕ್ಕದ ಸಾಲಿನ ಕೆಳ ಬರ್ತ್‌ನಲ್ಲಿ ಎದುರುಬದುರಿನ ಎರಡು ಆಸನಗಳ ಒರಗುಗಳನ್ನು ಕೆಳಕ್ಕೆ ಬೀಳಿಸಿ ಜೋಡಿಸಿದರೆ ಒಬ್ಬರು ಮಲಗಬಹುದು. ವ್ಯಾನುಗಳಲ್ಲಿ ಕಾಣುವ ಬಹುಪಾಲು ವಿನ್ಯಾಸಗಳು ಈ ಎರಡು ಉಪಾಯಗಳ ರೂಪಾಂತರಗಳೇ.

ಆ ಬರ್ತ್‌ಗಳ ದೋಷಗಳೂ ನಮಗೆ ಪಾಠವೇ. ಪಕ್ಕದ ಕೆಳ ಬರ್ತ್‌ನಲ್ಲಿ ಎರಡು ತುಂಡುಗಳು ಸೇರುವ ಜಾಗ ಬೆನ್ನಿಗೆ ಒತ್ತುತ್ತದೆಂಬ ದೂರು ಬಹಳ ಹಳೆಯದು. 2020ರ ಡಿಸೆಂಬರ್‌ನಲ್ಲಿ ಅಂದಿನ ರೈಲ್ವೆ ಸಚಿವ ಪೀಯೂಷ್ ಗೋಯಲ್ ಅವರು ಇದಕ್ಕೆ ಪರಿಹಾರವಾಗಿ, ಜೋಡಿಸಿದ ಆಸನಗಳ ಮೇಲೆ ಎಳೆದು ಹಾಸುವ ಮತ್ತೊಂದು ಮೆತ್ತೆ ಹಲಗೆಯಿರುವ ಬರ್ತ್‌ನ ದೃಶ್ಯವನ್ನು ಹಂಚಿಕೊಂಡಿದ್ದರು. ಜೋಡು ಎಲ್ಲಿ ಬರುತ್ತದೆಂಬುದನ್ನು ಮೊದಲೇ ಯೋಚಿಸದಿದ್ದರೆ ಆಮೇಲೆ ಅದರ ಮೇಲೆ ಇನ್ನೊಂದನ್ನು ಹಾಸಬೇಕಾಗುತ್ತದೆ ಎಂಬುದು ಇದರ ತಾತ್ಪರ್ಯ.

ಎರಡನೆಯ ಪಾಠ ಕಠೋರವಾದುದು. 2024ರ ಜೂನ್‌ನಲ್ಲಿ ಎರ್ನಾಕುಲಂ–ನಿಜಾಮುದ್ದೀನ್ ರೈಲಿನಲ್ಲಿ ಮೇಲಿನ ಬರ್ತ್ ಕುಸಿದು ಕೆಳಗಿದ್ದ ಪ್ರಯಾಣಿಕರೊಬ್ಬರು ಮೃತಪಟ್ಟರು. ಬರ್ತ್ ಹಾಳಾಗಿರಲಿಲ್ಲ, ಸರಪಳಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ ಎಂದು ರೈಲ್ವೆ ಹೇಳಿತು. ಹಲಗೆ ಎಷ್ಟೇ ಗಟ್ಟಿಯಿದ್ದರೂ ಮಡಚು ಮಂಚದ ಭದ್ರತೆ ನಿಂತಿರುವುದು ಅದರ ಕೊಂಡಿಯ ಮೇಲೆ. ಕೊಂಡಿ ಪೂರ್ತಿ ಬಿದ್ದಿದೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ಗೊತ್ತಾಗುವಂತಿರಬೇಕು.

ಜರ್ಮನಿಯ ಪೆಟ್ಟಿಗೆ

ವ್ಯಾನಿನ ಮಡಚು ಪೀಠೋಪಕರಣದ ಇತಿಹಾಸ ಬರೆಯುವವರೆಲ್ಲ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯ ಹೆಸರು ಹೇಳದೆ ಮುಂದಕ್ಕೆ ಹೋಗುವುದಿಲ್ಲ. ಫೋಕ್ಸ್‌ವ್ಯಾಗನ್‌ನ ಟ್ರಾನ್ಸ್‌ಪೋರ್ಟರ್ ವ್ಯಾನ್ 1950ರಲ್ಲಿ ತಯಾರಿಕೆಗೆ ಬಂತು. ಮರುವರ್ಷವೇ ವೆಸ್ಟ್‌ಫಾಲಿಯಾ ಅದಕ್ಕೊಂದು ‘ಕ್ಯಾಂಪಿಂಗ್ ಬಾಕ್ಸ್’ ಸಿದ್ಧಪಡಿಸಿತು. ವಾರದ ದಿನಗಳಲ್ಲಿ ಸರಕು ಸಾಗಿಸುವ ವ್ಯಾನ್, ರಜೆಯಲ್ಲಿ ಈ ಪೆಟ್ಟಿಗೆಯನ್ನು ಒಳಗಿಟ್ಟ ಕೂಡಲೇ ಮಲಗುವ ಕೋಣೆ. ರಜೆ ಮುಗಿದ ಮೇಲೆ ಪೆಟ್ಟಿಗೆ ಹೊರಕ್ಕೆ, ವ್ಯಾನ್ ಮತ್ತೆ ದುಡಿಮೆಗೆ.

ಈ ಕಥೆಯಲ್ಲಿ ಗಮನಿಸಬೇಕಾದುದು ಪೆಟ್ಟಿಗೆಯನ್ನು ‘ಇಟ್ಟು ತೆಗೆಯಬಹುದು’ ಎಂಬ ಅಂಶ. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಭಾರತದ ವಾಹನ ಮಾಲೀಕರಿಗೆ ಆ ಅಂಶವೇ ಹೆಚ್ಚು ಪ್ರಸ್ತುತವಾಗಿದೆ. ಅದಕ್ಕೆ ಕಾರಣ ನಮ್ಮ ಕಾನೂನು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತಿರಿಕ್ತವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಈ ಕಲಮನ್ನು ಎತ್ತಿಹಿಡಿದು ತೀರ್ಪು ನೀಡಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ 182-ಎ ಕಲಮು ಸೇರಿತು. ಅನುಮತಿಯಿಲ್ಲದ ರೀತಿಯಲ್ಲಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ.

ಮಂಚಕ್ಕೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ನೋಂದಣಿ ಪತ್ರದಲ್ಲಿ ಆಸನಗಳ ಸಂಖ್ಯೆ, ವಾಹನದ ವರ್ಗ, ಖಾಲಿ ವಾಹನದ ತೂಕ ಮುಂತಾದ ವಿವರಗಳಿರುತ್ತವೆ. ಹಿಂದಿನ ಎರಡು ಸಾಲು ಆಸನ ಕಿತ್ತು ಹಾಕಿ, ಆ ಜಾಗದಲ್ಲಿ ಚಾಸಿಗೆ ಕಬ್ಬಿಣದ ಚೌಕಟ್ಟು ವೆಲ್ಡಿಂಗ್ ಮಾಡಿ ಮಂಚ ಕೂರಿಸಿದರೆ ಈ ವಿವರಗಳೆಲ್ಲ ಬದಲಾಗುತ್ತವೆ. ಇಂಥ ವಾಹನ ಅಪಘಾತಕ್ಕೀಡಾದರೆ ವಿಮೆಯ ಪರಿಹಾರಕ್ಕೂ ತಕರಾರು ಎದುರಾಗಬಹುದು.

ಹಾಗೆಂದು ಕ್ಯಾಂಪರ್ ವ್ಯಾನನ್ನು ನಮ್ಮ ಕಾನೂನು ಒಪ್ಪುವುದೇ ಇಲ್ಲವೆಂದಲ್ಲ. ಮೋಟಾರ್ ಕಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದರಂತೆ ಪರೀಕ್ಷೆಗೊಳಪಟ್ಟು, ಪುಣೆಯ ಎಆರ್‌ಎಐ ಮುಂತಾದ ಅಧಿಕೃತ ಸಂಸ್ಥೆಗಳಿಂದ ಪ್ರಮಾಣಪತ್ರ ಪಡೆದ ವಾಹನವನ್ನು ಕಾರವಾನ್ ಆಗಿಯೇ ನೋಂದಾಯಿಸಬಹುದು. ಕಾರವಾನ್ ಎಂದರೇನು ಎಂಬುದಕ್ಕೆ ಯೂರೋಪಿನ ನಿಯಮಗಳಲ್ಲಿರುವ ವ್ಯಾಖ್ಯೆ ಸ್ವಾರಸ್ಯಕರವಾಗಿದೆ. ಅದರಲ್ಲಿ ಆಸನ ಮತ್ತು ಮೇಜು, ಆಸನಗಳಿಂದಲೇ ಪರಿವರ್ತಿಸಬಹುದಾದ ಹಾಸಿಗೆ, ಅಡುಗೆ ವ್ಯವಸ್ಥೆ, ಸಾಮಾನು ಇಡುವ ಜಾಗ ಇಷ್ಟಾದರೂ ಇರಬೇಕು. ಇವೆಲ್ಲ ವಾಸದ ಭಾಗಕ್ಕೆ ಬಿಗಿಯಾಗಿ ಕೂಡಿಸಲ್ಪಟ್ಟಿರಬೇಕು. ಮೇಜನ್ನು ಮಾತ್ರ ಸುಲಭವಾಗಿ ತೆಗೆಯುವಂತೆ ಮಾಡಬಹುದು. ಅಂದರೆ ಮಡಚು ಮಂಚವೆಂಬುದು ಕಾರವಾನಿನ ಅಲಂಕಾರವಲ್ಲ, ಅದರ ಲಕ್ಷಣದಲ್ಲೇ ಸೇರಿದೆ.

ಹೀಗಾಗಿ ಮಾಲೀಕರ ಮುಂದೆ ಎರಡೇ ದಾರಿಗಳಿವೆ. ಖಾಯಂ ಪೀಠೋಪಕರಣ ಬೇಕೆಂದರೆ ಪ್ರಮಾಣಪತ್ರ ಹೊಂದಿದ ತಯಾರಕರಿಂದ ಸಿದ್ಧ ಕಾರವಾನ್ ಪಡೆಯುವುದು. ಅದು ಬೇಡವೆಂದರೆ ವಾಹನದ ಆಸನ, ಬೆಲ್ಟು, ಮೈಕಟ್ಟು ಯಾವುದನ್ನೂ ಮುಟ್ಟದೆ, ಲಗೇಜಿನಂತೆ ಇಟ್ಟು ತೆಗೆಯುವ ಪೆಟ್ಟಿಗೆ ಮಾಡಿಸುವುದು. ಮೊದಲನೆಯದು ಕಾರ್ಖಾನೆಯ ಕೆಲಸ. ಎರಡನೆಯದು ನುರಿತ ಬಡಗಿ ಮಾಡಬಹುದಾದ ಕೆಲಸ. ಎರಡನೆಯ ದಾರಿ ಹಿಡಿದವರೂ ಕೆಲಸ ಆರಂಭಿಸುವ ಮುನ್ನ ತಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಕ್ಷೇಮ.

ಆಸನ ಬೇರೆ, ಬೆಂಚು ಬೇರೆ

ಇಲ್ಲೊಂದು ಮುಖ್ಯ ಎಚ್ಚರಿಕೆ. ವಾಹನದ ಆಸನವನ್ನು ನಾವು ಸೋಫಾದ ತಮ್ಮನೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದೊಂದು ಸುರಕ್ಷತಾ ಸಾಧನ. ಕಾರಿನ ಆಸನ ಮತ್ತು ಅದರ ಬಿಗಿತವನ್ನು ಗುರುತ್ವದ 20 ಪಟ್ಟು ವೇಗೋತ್ಕರ್ಷಕ್ಕೆ ಒಡ್ಡಿ ಪರೀಕ್ಷಿಸುವ ಕ್ರಮ ಅಂತರರಾಷ್ಟ್ರೀಯ ನಿಯಮಗಳಲ್ಲಿದೆ. ಬಡಗಿ ಮಾಡಿದ ಬೆಂಚಿಗೆ ಆ ಪರೀಕ್ಷೆ ನಡೆದಿರುವುದಿಲ್ಲ.

ಆದ್ದರಿಂದ ಪ್ಲೈವುಡ್ ಬೆಂಚಿನ ಮೇಲೆ ವಾಹನ ಓಡುತ್ತಿರುವಾಗ ಯಾರನ್ನೂ ಕೂರಿಸಬಾರದು. ಮಕ್ಕಳನ್ನಂತೂ ಖಂಡಿತ ಕೂರಿಸಬಾರದು, ಮಲಗಿಸಲೂಬಾರದು. ಓಡುವಾಗ ಕಂಪನಿಯ ಆಸನ ಮತ್ತು ಬೆಲ್ಟು, ನಿಂತ ಮೇಲೆ ಬೆಂಚು ಮತ್ತು ಮಂಚ. ಈ ನಿಯಮ ಒಪ್ಪಿಕೊಂಡರೆ ವಿನ್ಯಾಸವೂ ಹಗುರವಾಗುತ್ತದೆ. ಏಕೆಂದರೆ ಬೆಂಚು ಆಗ ನಿಂತ ವಾಹನದಲ್ಲಿ ಮನುಷ್ಯರ ಭಾರ ಹೊತ್ತರೆ ಸಾಕು, ಅಪಘಾತದಲ್ಲಿ ಅವರನ್ನು ಹಿಡಿದಿಡುವ ಹೊಣೆ ಅದಕ್ಕಿರುವುದಿಲ್ಲ.

ಅಳತೆ ಮೊದಲು, ಗರಗಸ ಆಮೇಲೆ

ಮಲಗಲು ಉದ್ದ ಬೇಕಾದುದು ಆರು ಅಡಿ, ಅಂದರೆ 183 ಸೆಂ.ಮೀ. ಚಿಕ್ಕ ವ್ಯಾನುಗಳಲ್ಲಿ ಅಡ್ಡಲಾಗಿ ಮಲಗುವ ಪ್ರಶ್ನೆಯೇ ಇಲ್ಲ. 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿಯ ಹೊರ ಅಗಲವೇ 141 ಸೆಂ.ಮೀ. ಇತ್ತು, ಈಕೊದ ಹೊರ ಅಗಲ 147.5 ಸೆಂ.ಮೀ. ಒಳಗೆ ಸಿಗುವುದು ಇನ್ನೂ ಕಡಿಮೆ. ಹೀಗಾಗಿ ಇಂಥ ವಾಹನಗಳಲ್ಲಿ ತಲೆ ಮುಂದಕ್ಕೆ, ಕಾಲು ಹಿಂದಿನ ಬಾಗಿಲಿಗೆ ಅಥವಾ ಅದಕ್ಕೆ ತಿರುಗುಮುರುಗಾಗಿ ಉದ್ದುದ್ದ ಮಲಗಬೇಕು.

ಎತ್ತರದ ಲೆಕ್ಕವೂ ಅಷ್ಟೇ ಮುಖ್ಯ. ಕುಳಿತ ವ್ಯಕ್ತಿಯ ಪೀಠದಿಂದ ನೆತ್ತಿಯವರೆಗೆ ಸುಮಾರು 85ರಿಂದ 90 ಸೆಂ.ಮೀ. ಬೇಕು. ಬೆಂಚಿನ ಎತ್ತರ ಮೆತ್ತೆ ಸೇರಿ 42 ಸೆಂ.ಮೀ. ಇಟ್ಟರೆ ನೆಲದಿಂದ ಚಾವಣಿಗೆ ಕನಿಷ್ಠ 132 ಸೆಂ.ಮೀ. ಇರಬೇಕಾಯಿತು. ಅಷ್ಟಿಲ್ಲದ ವಾಹನದಲ್ಲಿ ಪೆಟ್ಟಿಗೆಯನ್ನು 25ರಿಂದ 30 ಸೆಂ.ಮೀ. ಎತ್ತರಕ್ಕೆ ಇಳಿಸಿ, ಕಾಲು ಚಾಚಿ ಕೂರುವ ತಗ್ಗು ಜಗಲಿಯಂತೆ ಮಾಡುವುದೇ ಲೇಸು. ಮೇಲೆ ತಲೆ ತಾಗುವ ಮಂಚದಲ್ಲಿ ಬಟ್ಟೆ ಬದಲಾಯಿಸುವುದೂ ಶಿಕ್ಷೆಯೇ.

ವ್ಯಾನಿನ ಗೋಡೆಗಳು ನೆಟ್ಟಗಿರುವುದಿಲ್ಲ, ಮೇಲಕ್ಕೆ ಹೋದಂತೆ ಒಳಕ್ಕೆ ಬಾಗುತ್ತವೆ. ಚಕ್ರದ ಗೂಡುಗಳು ನೆಲದಿಂದ ಉಬ್ಬಿರುತ್ತವೆ. ಆದ್ದರಿಂದ ಮೂರು ಎತ್ತರಗಳಲ್ಲಿ ಅಗಲ ಅಳೆಯಬೇಕು: ನೆಲದ ಮಟ್ಟ, ಬೆಂಚಿನ ಮಟ್ಟ, ಭುಜದ ಮಟ್ಟ. ಹಳೆಯ ಟಿ.ವಿ. ಅಥವಾ ಫ್ರಿಜ್‌ನ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಅಂಟುಪಟ್ಟಿಯಲ್ಲಿ ಜೋಡಿಸಿ, ಪೂರ್ಣ ಅಳತೆಯ ಮಾದರಿ ಮಾಡಿ ಒಳಗಿಟ್ಟು ಕುಳಿತು, ಮಲಗಿ, ಬಾಗಿಲು ಮುಚ್ಚಿ ನೋಡಿದರೆ ಒಂದು ಹಲಗೆಯ ಬೆಲೆ ಉಳಿಯುತ್ತದೆ.

ಮೂರು ವಿನ್ಯಾಸಗಳು

ಮೊದಲನೆಯದು ಎದುರುಬದುರು ಬೆಂಚು. ಇದಕ್ಕೆ ಒಳಗೆ ತೆರವಾದ ದೊಡ್ಡ ಜಾಗ ಬೇಕು. ಎರಡು ಬೆಂಚುಗಳ ನಡುವೆ ಮೇಜು. ರಾತ್ರಿ ಮೇಜಿನ ಹಲಗೆಯನ್ನು ಬೆಂಚಿನ ಮಟ್ಟಕ್ಕಿಳಿಸಿ, ಅಂಚಿನ ಪಟ್ಟಿಗಳ ಮೇಲೆ ಕೂರಿಸಿದರೆ ನಡುವಿನ ಖಾಲಿ ಜಾಗ ಮುಚ್ಚುತ್ತದೆ. ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. 183 ಸೆಂ.ಮೀ. ಉದ್ದ ಬೇಕೆಂದರೆ ತಲಾ 55 ಸೆಂ.ಮೀ. ಆಳದ ಎರಡು ಬೆಂಚು, ನಡುವೆ 73 ಸೆಂ.ಮೀ. ಮೇಜು. ಕೂರುವ ಮೆತ್ತೆಗಳು ತಲಾ 55 ಸೆಂ.ಮೀ.; ಒರಗುವ ಮೆತ್ತೆಗಳ ಎತ್ತರ ತಲಾ 36.5 ಸೆಂ.ಮೀ. ಇಟ್ಟರೆ ಅವೆರಡೂ ಸೇರಿ 73 ಸೆಂ.ಮೀ. ಆಗಿ ಮೇಜಿನ ಮೇಲೆ ಸರಿಯಾಗಿ ಕೂರುತ್ತವೆ. ಪ್ರತ್ಯೇಕ ಹಾಸಿಗೆ ಹೊರುವ ಅಗತ್ಯವಿಲ್ಲ. ನಾಲ್ಕೂ ಮೆತ್ತೆಗಳ ದಪ್ಪ ಒಂದೇ ಇರಬೇಕೆಂಬುದನ್ನು ಮರೆಯಬಾರದು.

ಎರಡನೆಯದು ಬಾಚಣಿಗೆ ಮಂಚ. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂತೆ ಕಲ್ಪಿಸಿಕೊಳ್ಳಿ. ಒಂದರ ಪಟ್ಟಿಗಳು ಪೆಟ್ಟಿಗೆಗೆ ಸ್ಥಿರವಾಗಿರುತ್ತವೆ, ಇನ್ನೊಂದರವು ಮುಂದಕ್ಕೆ ಜಾರುತ್ತವೆ. 60 ಸೆಂ.ಮೀ. ಆಳದ ಬೆಂಚನ್ನು ಎಳೆದರೆ 110 ಸೆಂ.ಮೀ. ಅಗಲದ ಮಂಚವಾಗುತ್ತದೆ, ಉಳಿದ 10 ಸೆಂ.ಮೀ. ಹಲ್ಲುಗಳು ಪರಸ್ಪರ ಕಚ್ಚಿಕೊಂಡಿರಲು ಬೇಕೇ ಬೇಕು. 6 ಸೆಂ.ಮೀ. ಅಗಲದ 15 ಸ್ಥಿರ ಪಟ್ಟಿಗಳನ್ನು 6.4 ಸೆಂ.ಮೀ. ಅಂತರದಲ್ಲಿಟ್ಟರೆ ನಡುವಿನ 14 ಸಂದುಗಳಲ್ಲಿ 14 ಜಾರುವ ಪಟ್ಟಿಗಳು ಇಬ್ಬದಿಗೂ 2 ಮಿ.ಮೀ. ಸಡಿಲದೊಂದಿಗೆ ಕೂರುತ್ತವೆ. ಒಟ್ಟು ಉದ್ದ 180 ಸೆಂ.ಮೀ. ಸಮೀಪಕ್ಕೆ ಬರುತ್ತದೆ. ಈ ಸಡಿಲವನ್ನು ಉಳಿಸಬೆಂದು ಕಡಿಮೆ ಮಾಡಬಾರದು. ಮಳೆಗಾಲದಲ್ಲಿ ಮರ ಉಬ್ಬಿದರೆ ಮಂಚ ಸಿಕ್ಕಿಹಾಕಿಕೊಳ್ಳುತ್ತದೆ. ಜಾರುವ ಭಾಗದ ಮುಂಭಾಗಕ್ಕೆ ನೆಲ ಮುಟ್ಟುವ ಕಾಲುಗಳಿರಬೇಕು, ಹೆಚ್ಚು ಎಳೆದರೆ ಕಳಚಿ ಬೀಳದಂತೆ ತಡೆಗಟ್ಟೆಯೂ ಇರಬೇಕು. ಕೂರುವ ಮೆತ್ತೆ 60, ಒರಗುವ ಮೆತ್ತೆ 50 ಸೆಂ.ಮೀ. ಇದ್ದರೆ ಎರಡೂ ಸೇರಿ 110 ತುಂಬುತ್ತದೆ.

ಮೂರನೆಯದು ಮಡಚು ಹಲಗೆಯ ಪೆಟ್ಟಿಗೆ. ನಮ್ಮ ಕಾನೂನಿಗೂ ಚಿಕ್ಕ ವಾಹನಕ್ಕೂ ಹೆಚ್ಚು ಹೊಂದುವುದು ಇದೇ. ಹಿಂದಿನ ಸಾಮಾನು ಜಾಗದಲ್ಲಿ ತಗ್ಗು ಪೆಟ್ಟಿಗೆ, ಅದರ ಮೇಲೆ ಮೂರು ಎಲೆಗಳಾಗಿ ಮಡಚಿದ ಹಲಗೆ. ರಾತ್ರಿ ಕಂಪನಿಯ ಹಿಂಬದಿ ಆಸನವನ್ನು ಮುಂದಕ್ಕೆ ಮಡಚಿ, ಹಲಗೆಯನ್ನು ಅದರ ಮೇಲೆ ಬಿಡಿಸಿ, ಮುಂತುದಿಗೆ ಎರಡು ಕಾಲು ಕೊಟ್ಟರೆ ಮಂಚ ಸಿದ್ಧ. ಬೆಳಗ್ಗೆ ಮತ್ತೆ ಮಡಚಿದರೆ ಆಸನ ಆಸನವಾಗಿಯೇ ಉಳಿಯುತ್ತದೆ. ಪೆಟ್ಟಿಗೆಯ ಹಿಂಬದಿಯಲ್ಲಿ, ಡಿಕ್ಕಿ ಬಾಗಿಲಿನ ಕಡೆಗೆ ತೆರೆಯುವ ಒಂದು ಅಡುಗೆ ಡ್ರಾಯರ್ ಇಟ್ಟರೆ ಹೊರಗೆ ನಿಂತು ಚಹಾ ಕಾಯಿಸಬಹುದು. ಹಲಗೆಯ ಎಲೆಗಳು ಸೇರುವ ಗೆರೆ ಸೊಂಟದ ಕೆಳಗೆ ಬಾರದಂತೆ, ತೊಡೆ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಬರುವಂತೆ ಎಲೆಗಳ ಅಳತೆ ಹಂಚಬೇಕು. ರೈಲಿನ ಪಕ್ಕದ ಬರ್ತ್ ಕಲಿಸಿದ ಪಾಠವನ್ನು ಬಳಸಬೇಕಾದುದು ಇಲ್ಲಿಯೇ.

ಮರ ಯಾವುದು, ತೂಕವೆಷ್ಟು?

ಪ್ಲೈವುಡ್ ವಿಚಾರದಲ್ಲಿ ಬೆಂಗಳೂರು ಉತ್ತರಕ್ಕೆ ವಿಶೇಷ ಸ್ಥಾನವಿದೆ. ಪ್ಲೈವುಡ್ ಉದ್ಯಮದ ಸಂಶೋಧನೆ ಮತ್ತು ತರಬೇತಿಗೆಂದೇ 1960ರ ದಶಕದಲ್ಲಿ ಯಶವಂತಪುರದ ಬಳಿ, ತುಮಕೂರು ರಸ್ತೆಯಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅಂಗಡಿಗೆ ಹೋದ ಗ್ರಾಹಕರು ಹಲಗೆಯ ಮೇಲಿನ ಐಎಸ್‌ಐ ಮುದ್ರೆಯ ಕೆಳಗಿನ ಸಂಖ್ಯೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಐಎಸ್ 303ರಡಿಯ ಎಂ.ಆರ್. ದರ್ಜೆ ಗಾಳಿಯ ತೇವ ತಡೆಯಬಲ್ಲದು, ನೀರಲ್ಲಿ ನೆನೆಯುವುದನ್ನಲ್ಲ. ಐಎಸ್ 710 ಎಂದರೆ ಮರೀನ್ ದರ್ಜೆ. ಕುದಿಯುವ ನೀರನ್ನೂ ತಾಳುವ ಅಂಟು ಬಳಸಿರುತ್ತಾರೆ. ಮುಚ್ಚಿದ ವ್ಯಾನಿನಲ್ಲಿ ಇಬ್ಬರು ಮಲಗಿದರೆ ಉಸಿರಿನ ತೇವವೇ ಬೆಳಗ್ಗೆ ಗಾಜಿನ ಮೇಲೆ ಹನಿಗಟ್ಟಿರುತ್ತದೆ. ಹಾಗಾಗಿ ನೆಲ ಮುಟ್ಟುವ ಭಾಗಕ್ಕಾದರೂ ಎರಡನೆಯದು ಯೋಗ್ಯ.

ಮನೆಗೆಲಸದ ರೂಢಿಯಿಂದ ಬಡಗಿ ಸಾಮಾನ್ಯವಾಗಿ 18 ಅಥವಾ 19 ಮಿ.ಮೀ. ಹಲಗೆಯನ್ನೇ ಸೂಚಿಸುತ್ತಾರೆ. ಇಲ್ಲಿ ತೂಕದ ಲೆಕ್ಕ ನೋಡಬೇಕು. ಒಂದು ಘನ ಮೀಟರ್ ಪ್ಲೈವುಡ್ ಸುಮಾರು 650 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಂಡರೆ, 8 ಅಡಿ–4 ಅಡಿಯ 18 ಮಿ.ಮೀ. ಹಲಗೆಯೊಂದರ ತೂಕ ಸುಮಾರು 35 ಕೆ.ಜಿ.; 12 ಮಿ.ಮೀ. ಹಲಗೆಯದು 23 ಕೆ.ಜಿ.; 9 ಮಿ.ಮೀ. ಹಲಗೆಯದು 17 ಕೆ.ಜಿ. ಮೂರು ಹಲಗೆ ಹಿಡಿಯುವ ಕೆಲಸಕ್ಕೆ 18ರ ಬದಲು 12 ಮಿ.ಮೀ. ಬಳಸಿದರೆ 35 ಕೆ.ಜಿ. ಉಳಿತಾಯ. ಮಲಗುವ ಹಲಗೆಗೆ 12 ಮಿ.ಮೀ., ಕೆಳಗೆ ಸುಮಾರು 40 ಸೆಂ.ಮೀ.ಗೊಂದು ಅಡ್ಡಪಟ್ಟಿ, ಡ್ರಾಯರ್, ಒಳ ಗೋಡೆಗಳಿಗೆ 9 ಮಿ.ಮೀ. ಎಂಬ ಹಂಚಿಕೆ ಸಾಕಾಗುತ್ತದೆ. ಬಲ ಬರುವುದು ಹಲಗೆಯ ದಪ್ಪಕ್ಕಿಂತ ಹೆಚ್ಚಾಗಿ ಪೆಟ್ಟಿಗೆಯ ಒಳ ಅಡ್ಡಗೋಡೆಗಳಿಂದ.

ಚೌಕಟ್ಟಿಗೆ ಲೋಹ ಬಳಸುವುದಾದರೆ, 25 ಮಿ.ಮೀ. ಚದರದ, 1.6 ಮಿ.ಮೀ. ದಪ್ಪದ ಕಬ್ಬಿಣದ ಪೈಪು ಮೀಟರಿಗೆ ಸುಮಾರು 1.2 ಕೆ.ಜಿ. ತೂಗುತ್ತದೆ. ಅದೇ ಅಳತೆಯ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪು ಅರ್ಧ ಕೆ.ಜಿ.ಯಷ್ಟು ಮಾತ್ರ. ಆದರೆ ಅಲ್ಯೂಮಿನಿಯಂ ವೆಲ್ಡಿಂಗ್ ಎಲ್ಲ ಅಂಗಡಿಗಳಲ್ಲೂ ಸಿಗುವ ಕೆಲಸವಲ್ಲ. ಮೂಲೆಪಟ್ಟಿ ಮತ್ತು ಬೋಲ್ಟಿನ ಜೋಡಣೆಯೇ ಸುಲಭ.

ಬ್ರೇಕಿನ ಲೆಕ್ಕ

ಈಗ ಮೂಲ ಪ್ರಶ್ನೆಗೆ ಬರೋಣ. ಜೋರಾಗಿ ಬ್ರೇಕ್ ಹಾಕಿದಾಗ ಒಳಗಿನ ವಸ್ತು ತನ್ನ ತೂಕದ ಸುಮಾರು ಮುಕ್ಕಾಲು ಪಾಲಿನಷ್ಟು ಬಲದಿಂದ ಮುಂದಕ್ಕೆ ಹೊರಡುತ್ತದೆ. 40 ಕೆ.ಜಿ. ಪೆಟ್ಟಿಗೆಯಾದರೆ 30 ಕೆ.ಜಿ. ಬಲ. ಇದನ್ನು ಸಾಧಾರಣ ಬೆಲ್ಟು ಹಿಡಿದೀತು. ಡಿಕ್ಕಿಯ ಮಾತೇ ಬೇರೆ. ಗಂಟೆಗೆ 50 ಕಿ.ಮೀ. ವೇಗದ ವಾಹನ ಗೋಡೆಗೆ ಬಡಿದು 60 ಸೆಂ.ಮೀ. ನಜ್ಜುಗುಜ್ಜಾಗಿ ನಿಂತಿತು ಎಂದುಕೊಳ್ಳಿ. ಆ ಕ್ಷಣದ ಸರಾಸರಿ ವೇಗಕುಸಿತ ಗುರುತ್ವದ ಸುಮಾರು 16 ಪಟ್ಟು. ಅದೇ 40 ಕೆ.ಜಿ. ಪೆಟ್ಟಿಗೆ ಆಗ 650 ಕೆ.ಜಿ. ಬಲದಿಂದ ಮುಂದಿನ ಆಸನಕ್ಕೆ ಅಪ್ಪಳಿಸುತ್ತದೆ. ಮರದ ನಾಲ್ಕು ಸ್ಕ್ರೂಗಳು ಇದರ ಮುಂದೆ ಹುಲ್ಲುಕಡ್ಡಿ.

ಇದಕ್ಕಿರುವ ಉತ್ತರಗಳು ಸರಳ. ಪೆಟ್ಟಿಗೆಯ ಮುಂಭಾಗ ಕಂಪನಿಯ ಆಸನದ ಬೆನ್ನಿಗೆ ಸಂದಿಲ್ಲದೆ ತಾಗಿರಬೇಕು; ಅಂತರವಿದ್ದಷ್ಟೂ ಹೊಡೆತ ಹೆಚ್ಚು. ತಯಾರಕರೇ ನೆಲದಲ್ಲಿ ಸಾಮಾನು ಕಟ್ಟಲು ಕೊಟ್ಟಿರುವ ಕೊಂಡಿಗಳಿದ್ದರೆ ಅವುಗಳಿಗೇ ಲಾರಿಯವರು ಬಳಸುವ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಬೇಕು. ಹೊಸದಾಗಿ ನೆಲ ಕೊರೆಯಬಾರದು. ಕೆಳಗೆ ಇಂಧನದ ಕೊಳವೆ, ಬ್ರೇಕಿನ ಪೈಪು, ವೈರುಗಳಿರುತ್ತವೆ. ಬೆಲ್ಟು ಹಾದುಹೋಗುವುದು ಪೆಟ್ಟಿಗೆಯ ಹಿಡಿಕೆಯ ಮೂಲಕವಲ್ಲ, ಇಡೀ ಪೆಟ್ಟಿಗೆಯನ್ನು ಸುತ್ತಿ. ನೀರಿನ ಕ್ಯಾನ್, ಕುಕ್ಕರ್‌ನಂಥ ಭಾರದ ವಸ್ತುಗಳು ತಳದಲ್ಲಿ. ಬಟ್ಟೆ, ಹೊದಿಕೆ ಮೇಲೆ. ಆಸನದ ಬೆನ್ನಿಗಿಂತ ಎತ್ತರಕ್ಕೆ ಯಾವ ಗಡಸು ವಸ್ತುವೂ ಬೇಡ.

ಕೀಲು, ಕೊಂಡಿ, ಗಲಾಟೆ

ಉಬ್ಬು, ಗುಂಡಿಗಳ ರಸ್ತೆಯಲ್ಲಿ ಮರಕ್ಕೆ ನೇರವಾಗಿ ಹಾಕಿದ ಸ್ಕ್ರೂ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಮುಖ್ಯ ಜೋಡುಗಳಿಗೆ ಆರ್‌ಪಾರ್ ಬೋಲ್ಟು, ವಾಷರ್, ನೈಲಾನ್ ಬಳೆಯಿರುವ ನಟ್ಟು ಹಾಕಿ, ಮರದ ಅಂಟನ್ನೂ ಬಳಸಬೇಕು. ಮಡಚುವ ಹಲಗೆಗಳಿಗೆ ಎರಡು ಬಿಡಿ ಕೀಲುಗಳ ಬದಲು ಇಡೀ ಉದ್ದಕ್ಕೂ ಹೋಗುವ ಪಿಯಾನೊ ಕೀಲು ಮೇಲು. ಭಾರ ಸಮನಾಗಿ ಹಂಚಿಹೋಗುತ್ತದೆ.

ಡ್ರಾಯರ್‌ಗೆ ಮನೆಯ ಟೆಲಿಸ್ಕೋಪಿಕ್ ಚಾನೆಲ್ ಬಳಸಬಹುದು. ಆದರೆ ಅದು ತಾನಾಗಿ ಮುಚ್ಚಿಕೊಂಡಿರುತ್ತದೆಂದು ನಂಬುವಂತಿಲ್ಲ. ತಿರುವಿನಲ್ಲಿ, ಏರಿನಲ್ಲಿ ತೆರೆದುಕೊಳ್ಳುತ್ತದೆ. ಆಯಸ್ಕಾಂತದ ಹಿಡಿತ ಸಾಲದು, ಕೈಯಿಂದಲೇ ಹಾಕಿ ತೆಗೆಯುವ ಅಗುಳಿ ಇರಬೇಕು. ಮಂಚದ ಕಾಲು ಬಿಡಿಸಿದಾಗಲೂ ಅಷ್ಟೇ: ನೆಟ್ಟಗೆ ನಿಂತಿತೆಂದು ಬಿಡದೆ, ಪಿನ್ನು ಅಥವಾ ಚಿಲಕದಿಂದ ಬಂಧಿಸಬೇಕು. ಅಗುಳಿಯ ತುದಿಗೆ ಕೆಂಪು ಬಣ್ಣ ಬಳಿದು, ಪೂರ್ತಿ ಬಿದ್ದಾಗ ಆ ಬಣ್ಣ ಕಾಣದಂತೆ ಮಾಡಿದರೆ ಮಕ್ಕಳೂ ಗುರುತಿಸಬಲ್ಲರು.

ಮರ ಮರಕ್ಕೆ, ಮರ ಲೋಹಕ್ಕೆ ತಾಗುವಲ್ಲೆಲ್ಲ ಕಿರಗುಟ್ಟುವ ಸದ್ದು ಹುಟ್ಟುತ್ತದೆ. ಅಂಥ ಜಾಗಗಳಿಗೆ ಕ್ಯಾರಂ ಬೋರ್ಡಿನ ಕೆಳಗೆ ಅಂಟಿಸುವಂಥ ಫೆಲ್ಟ್ ಬಟ್ಟೆ ಅಥವಾ ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರೆ ಸಾಕು. ಹಲಗೆಯ ಎಲ್ಲ ಅಂಚುಗಳನ್ನು ಉಜ್ಜಿ ದುಂಡಾಗಿಸಬೇಕು. ಕತ್ತಲಲ್ಲಿ ಮೊಣಕಾಲು ಹುಡುಕಿಕೊಂಡು ಹೋಗುವುದು ಚೂಪು ಮೂಲೆಯನ್ನೇ.

ಮೆತ್ತೆ, ಗಾಳಿ, ಬೆಂಕಿ

ಫೋಮಿನ ಅಂಗಡಿಯಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದೇ ಆ ಸಂಖ್ಯೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, 10 ಸೆಂ.ಮೀ. ದಪ್ಪದ 40 ಡೆನ್ಸಿಟಿ ಮೆತ್ತೆ ಸುಮಾರು 9 ಕೆ.ಜಿ. ತೂಗುತ್ತದೆ, 32 ಆದರೆ 7 ಕೆ.ಜಿ. ಎರಡೇ ಕೆ.ಜಿ. ಉಳಿಸಲು ಹೋಗಿ ಬೇಗ ಚಪ್ಪಟೆಯಾಗುವ ಮೆತ್ತೆ ತರುವುದು ಜಾಣತನವಲ್ಲ. ಮೆತ್ತೆಯ ಕೆಳಗಿನ ಹಲಗೆಯಲ್ಲಿ ಅಲ್ಲಲ್ಲಿ ರಂಧ್ರ ಕೊರೆದರೆ ಗಾಳಿಯಾಡಿ ಬೂಷ್ಟು ಹಿಡಿಯುವುದಿಲ್ಲ, ತೂಕವೂ ತುಸು ಇಳಿಯುತ್ತದೆ.

ಮಲಗುವಾಗ ಎರಡು ಎದುರುಬದುರು ಕಿಟಕಿಗಳನ್ನು ಸೊಳ್ಳೆಬಲೆ ಹಾಕಿ ಕೊಂಚ ತೆರೆದಿಡುವುದು ಕಡ್ಡಾಯ. ಎ.ಸಿ.ಗಾಗಿ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ಮಲಗುವುದು ಪ್ರಾಣಾಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದ್ದಿಲು, ಸೀಮೆಎಣ್ಣೆ, ಗ್ಯಾಸ್ ಯಾವ ಒಲೆಯನ್ನೂ ಒಳಗೆ ಹಚ್ಚಬಾರದು. ಫೋಮ್ ಮತ್ತು ರೆಕ್ಸಿನ್ ಎರಡೂ ಬೇಗ ಹೊತ್ತಿಕೊಳ್ಳುತ್ತವೆ. ಅಡುಗೆ ಡ್ರಾಯರ್ ಹೊರಕ್ಕೆ ತೆರೆಯಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಮಲಗಿದಲ್ಲಿಂದ ಕೈಗೆ ಸಿಗುವಂತೆ ಒಂದು ಅಗ್ನಿಶಾಮಕ, ಮತ್ತು ಮಂಚ ಬಿಡಿಸಿದಾಗಲೂ ಅಡ್ಡಿಯಿಲ್ಲದೆ ತೆರೆಯಬಹುದಾದ ಒಂದು ಬಾಗಿಲು ಇವೆರಡೂ ವಿನ್ಯಾಸದ ಭಾಗವೇ ಆಗಿರಬೇಕು. ಒಳಗಿನಿಂದ ತೆರೆಯಲು ಬಾರದ ಡಿಕ್ಕಿ ಬಾಗಿಲನ್ನು ದಾರಿಯೆಂದು ಎಣಿಸುವಂತಿಲ್ಲ.

ಹೊರಡುವ ಮುನ್ನ

ಪೆಟ್ಟಿಗೆ ಸಿದ್ಧವಾದ ಕೂಡಲೇ ಸಕಲೇಶಪುರದ ಘಾಟಿಗೆ ಹೊರಡುವ ಆತುರ ಬೇಡ. ಮೊದಲು ತುಂಬಿದ ಸಾಮಾನಿನೊಂದಿಗೆ ಒಂದು ತೂಕಸೇತುವೆಗೆ ಹೋಗಿ ತೂಗಿಸಿ, ಪ್ರಯಾಣಿಕರೂ ಸೇರಿ ಒಟ್ಟು ತೂಕ ನೋಂದಣಿ ಪತ್ರದಲ್ಲಿ ಅಥವಾ ತಯಾರಕರ ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗಿದೆಯೇ ನೋಡಬೇಕು. ನಂತರ ಟೈರಿನ ಗಾಳಿಯನ್ನು ಪೂರ್ಣ ಭಾರಕ್ಕೆ ಹೇಳಿರುವ ಪ್ರಮಾಣಕ್ಕೆ ತುಂಬಿಸಬೇಕು. ವಾಹನ ಸಂಚಾರವಿಲ್ಲದ ಬಡಾವಣೆಯ ರಸ್ತೆಯಲ್ಲಿ ನಿಧಾನ ವೇಗದಲ್ಲಿ ನಾಲ್ಕಾರು ಬಾರಿ ಬ್ರೇಕ್ ಹಾಕಿ, ಉಬ್ಬು ದಾಟಿಸಿ, ಪ್ರತಿ ಬೋಲ್ಟನ್ನೂ ಮತ್ತೆ ಬಿಗಿಯಬೇಕು. ಆ ಬಳಿಕ ಮನೆಯ ಮುಂದೆಯೇ ಒಂದು ರಾತ್ರಿ ಮಲಗಿ ನೋಡಬೇಕು. ಬೆಂಚನ್ನು ಮಂಚವಾಗಿಸಲು ಐದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ, ಅಥವಾ ಒಳಗಿನ ಸಾಮಾನೆಲ್ಲ ಹೊರಗಿಟ್ಟರೆ ಮಾತ್ರ ಅದು ತೆರೆದುಕೊಂಡರೆ, ಮಳೆ ಸುರಿಯುವ ರಾತ್ರಿ ಅದನ್ನು ಯಾರೂ ಬಳಸುವುದಿಲ್ಲ.

ಬಡಗಿಯ ಮುಂದೆ ಕೂತಾಗ ಮಂಚ ಎಷ್ಟು ಮೆತ್ತಗಿರುತ್ತದೆ, ಮೈಕಾ ಯಾವ ಬಣ್ಣ ಎಂದು ಕೇಳುವವರೇ ಬಹಳ. ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಒಟ್ಟು ಎಷ್ಟು ಕೆ.ಜಿ.? ಬ್ರೇಕ್ ಹಾಕಿದಾಗ ಇದನ್ನು ಹಿಡಿದಿಡುವುದು ಏನು? ನಾಳೆ ಬೆಳಗ್ಗೆ ಇದನ್ನು ಪೂರ್ತಿ ಹೊರತೆಗೆದರೆ ವಾಹನ ಮೊದಲಿನಂತೆಯೇ ಇರುತ್ತದೆಯೇ? ಮೂರಕ್ಕೂ ಸ್ಪಷ್ಟ ಉತ್ತರ ದೊರೆತರೆ ಕೆಲಸಕ್ಕೆ ಮುಂಗಡ ಕೊಡಬಹುದು.